ಆ 18 ತಿಂಗಳು

(ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



'ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದಿ ಅಲ್ಲೇ ಕೆಲಸ ಹಿಡಿದವರು' ಎಂದು ಈಗತಾನೇ ನನ್ನನ್ನು ಪರಿಚಯಿಸಿದರು. ಓದಿಗೂ ಕೆಲಸಕ್ಕೂ ನಡುವೆ ನಡೆದದ್ದನ್ನು ಹೇಳಿದರೆ ಮಕ್ಕಳಿಗೆ ಉಪಯೋಗವಾದೀತು.

ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಹಾಗೆಂದು ಖರ್ಚಿಲ್ಲ ಎಂದುಕೊಳ್ಳಬೇಡಿ. ವೀಸಾ ಬೇಕಾದರೆ ಒಂದು ವರ್ಷದ ಜೀವನಕ್ಕಾಗುವಷ್ಟು ಹಣವಿದೆ ಎಂದು ತೋರಿಸಬೇಕು. 2025ರಲ್ಲಿ ಅದು 11,904 ಯೂರೊ ಇತ್ತು. ನಾನು ಹೋಗುವಾಗ ಮೊತ್ತ ಇದಕ್ಕಿಂತ ಕಡಿಮೆಯಿತ್ತು. ಆದರೂ ಅಪ್ಪ ಕೆರೆ ಕೆಳಗಿನ ಗದ್ದೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟರು.

ಪದವಿ ಮುಗಿದ ಮೇಲೆ ಕೆಲಸ ಹುಡುಕಲು ಅಲ್ಲಿ 18 ತಿಂಗಳವರೆಗೆ ಇರಲು ಅವಕಾಶ ಕೊಡುತ್ತಾರೆ. ಆ ಅವಧಿಯಲ್ಲಿ ಹೊಟ್ಟೆಪಾಡಿಗೆ ಯಾವ ಕೆಲಸವನ್ನಾದರೂ ಮಾಡಬಹುದು. ಆದರೆ ಮುಂದೆಯೂ ಅಲ್ಲಿರಬೇಕಾದರೆ ಅರ್ಹತೆಗೆ ತಕ್ಕ ಕೆಲಸ ಸಿಗಬೇಕು. ನಾನು ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತೆ. ಹಗಲು ಅರ್ಜಿ ಬರೆದೆ. ಬಂದ ಉತ್ತರಗಳಲ್ಲೆಲ್ಲ 'ಲೈಡರ್' ಎಂಬ ಪದವಿರುತ್ತಿತ್ತು. ಅಂದರೆ 'ವಿಷಾದದಿಂದ' ಎಂದು. ಆ ಭಾಷೆಯಲ್ಲಿ ನನಗೆ ಚೆನ್ನಾಗಿ ಅರ್ಥವಾಗುತ್ತಿದ್ದ ಪದ ಅದೊಂದೇ!

ತಪ್ಪು ನನ್ನದೇ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಜರ್ಮನ್ ಏಕೆ ಬೇಕು ಎಂದು ಎರಡು ವರ್ಷ ಉದಾಸೀನ ಮಾಡಿದ್ದೆ. ಅಲ್ಲಿ ನಮ್ಮಂಥವರಿಗೆ ಕೆಲಸ ಕೊಡುವ ಎಷ್ಟೋ ಕಾರ್ಖಾನೆಗಳು ಸಣ್ಣ ಊರುಗಳಲ್ಲಿವೆ. ಅಲ್ಲಿಯ ಮಾತೆಲ್ಲ ಜರ್ಮನ್. ಓದುವಾಗಲೇ ಕಂಪನಿಗಳಲ್ಲಿ ಅರೆಕಾಲಿಕ ಕೆಲಸ ಮಾಡಿದ ಸಹಪಾಠಿಗಳಿಗೆ ಅನುಭವವೂ ಪರಿಚಯವೂ ಇತ್ತು. ನನಗೆ ಅಂಕಪಟ್ಟಿ ಮಾತ್ರವಿತ್ತು.

ಅಪ್ಪ ಫೋನಿನಲ್ಲಿ 'ಕೆಲಸ ಆಯ್ತೇನಪ್ಪ' ಎಂದು ಒಮ್ಮೆಯೂ ಕೇಳಲಿಲ್ಲ. 'ಊಟ ಆಯ್ತಾ' ಎಂದಷ್ಟೇ ಕೇಳುತ್ತಿದ್ದರು. ಅದೇ ಹೆಚ್ಚು ಚುಚ್ಚುತ್ತಿತ್ತು.

ಕೊನೆಗೆ ಭಾಷೆ ಕಲಿಯಲು ಕುಳಿತೆ. ಜರ್ಮನ್‌ನಲ್ಲಿ 'ಏಕೆಂದರೆ' ಎಂದು ಶುರುವಾಗುವ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಕನ್ನಡದಂತೆ. ಇಂಗ್ಲಿಷಿನ ಮೂಲಕ ಕಲಿಯುವಾಗ ತೊಡಕಾಗಿದ್ದದ್ದು ಕನ್ನಡದಲ್ಲಿ ಯೋಚಿಸಿದಾಗ ಸಲೀಸಾಯಿತು. ಈ ಶಾಲೆಯಲ್ಲಿ ನಮ್ಮ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಕರ್ತೃ, ಕರ್ಮ, ಕ್ರಿಯಾಪದ ಬಿಡಿಸಿ ತೋರಿಸುತ್ತಿದ್ದದ್ದು ಅಲ್ಲಿ ಕೆಲಸಕ್ಕೆ ಬಂತು.

ನಾಲ್ಕು ತಿಂಗಳು ಉಳಿದಿರುವಾಗ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದು ಸಂದರ್ಶನಕ್ಕೆ ಕರೆಯಿತು. ತಡವರಿಸುತ್ತಲೇ ಜರ್ಮನ್‌ನಲ್ಲಿ ಉತ್ತರಿಸಿದೆ. ಕೆಲಸ ಸಿಕ್ಕಿತು. ಮೂರು ವರ್ಷದ ನಂತರ ಗದ್ದೆಯ ಪತ್ರ ಮನೆಗೆ ಬಂತು.

ನನ್ನ ಜೊತೆಗಿದ್ದ ಗೆಳೆಯನಿಗೆ ಅವಧಿ ಮುಗಿದರೂ ಕೆಲಸ ಸಿಗಲಿಲ್ಲ. ಅವನು ನನಗಿಂತ ಜಾಣ. ಬೆಂಗಳೂರಿಗೆ ಮರಳಿ ಚೆನ್ನಾಗಿದ್ದಾನೆ. ಹಾಗೆ ಮರಳಿದವರನ್ನು ಊರಿನವರು 'ಸೋತು ಬಂದ' ಎನ್ನಬಾರದು, ದಯವಿಟ್ಟು.

ಮಕ್ಕಳೇ, ಹೋಗಿ ಎಂದೂ ಬೇಡ ಎಂದೂ ನಾನು ಹೇಳಲಾರೆ. ಹೋಗುವುದಾದರೆ ಭಾಷೆಯನ್ನು ಇಲ್ಲಿಂದಲೇ ಶುರುಮಾಡಿ. ಕೆಲಸ ಖಾತ್ರಿ ಎನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ಸಾಲದ ಕಂತನ್ನು ಮನೆಯವರ ಜೊತೆ ಕುಳಿತು ಲೆಕ್ಕ ಹಾಕಿ. ಈ ಶಾಲೆಯ ಯಾವ ಮಗು ಕೇಳಿದರೂ ಅರ್ಜಿ ತಿದ್ದಿಕೊಡುತ್ತೇನೆ. ನನ್ನ ನಂಬರು ಮುಖ್ಯೋಪಾಧ್ಯಾಯರ ಬಳಿ ಇದೆ.