ಮಗುವಿನೊಂದಿಗೆ ಊರು ಬಿಡುವ ಮುನ್ನ

(ಕುಟುಂಬ ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿವಾಹದ ಕುರಿತು ನಾವು ಬಹಳಷ್ಟು ಮಾತನಾಡುತ್ತೇವೆ. ವರದಕ್ಷಿಣೆಯ ಪಿಡುಗಿನ ವಿರುದ್ಧ, ದುಂದು ವೆಚ್ಚದ ವಿರುದ್ಧ ಸಭೆಗಳನ್ನು ಏರ್ಪಡಿಸುತ್ತೇವೆ. ತಲಾಕ್‌ನ ಕುರಿತೂ ಸಾಕಷ್ಟು ಚರ್ಚಿಸಿದ್ದೇವೆ. ಆದರೆ ದಂಪತಿ ಬೇರ್ಪಟ್ಟು ಎರಡು ಮೂರು ವರ್ಷಗಳು ಕಳೆದ ಬಳಿಕ ಉದ್ಭವಿಸುವ ಒಂದು ಸಮಸ್ಯೆಯ ಬಗ್ಗೆ ನಾವು ಮೌನವಾಗಿದ್ದೇವೆ. ಇಬ್ಬರಲ್ಲೊಬ್ಬರು ಮಗುವಿನೊಂದಿಗೆ ಬೇರೆ ಊರಿಗೋ ಬೇರೆ ದೇಶಕ್ಕೋ ಹೋಗಿ ನೆಲೆಸಬಯಸಿದಾಗ ಏನು ಮಾಡಬೇಕು ಎಂಬುದೇ ಆ ಸಮಸ್ಯೆ.

ನಮ್ಮ ಪಟ್ಟಣಗಳಲ್ಲಿ ಇದು ನಡೆಯುವ ರೀತಿಯನ್ನು ನೀವೆಲ್ಲ ಬಲ್ಲಿರಿ. ಬೇಸಿಗೆ ರಜೆಯಲ್ಲಿ ಎರಡು ವಾರಕ್ಕೆಂದು ತಂದೆಯ ಮನೆಗೆ ಹೋದ ಮಗು ಮರಳಿ ಬರುವುದಿಲ್ಲ. ವಿಚಾರಿಸಿದರೆ, ಅದು ತಂದೆಯೊಂದಿಗೆ ಗಲ್ಫ್‌ಗೆ ಹೋಗಿದೆ ಎಂಬ ಉತ್ತರ ಸಿಗುತ್ತದೆ. ಇನ್ನೊಂದೆಡೆ, ಪ್ರತಿ ಶುಕ್ರವಾರ ಜುಮಾ ಮುಗಿಸಿ ಮಗುವನ್ನು ನೋಡಲು ಹೋಗುತ್ತಿದ್ದ ತಂದೆಗೆ ಒಂದು ಶುಕ್ರವಾರ ಬೀಗ ಹಾಕಿದ ಬಾಗಿಲು ಎದುರಾಗುತ್ತದೆ. ತಾಯಿಗೆ ಬೇರೆ ಊರಿನಲ್ಲಿ ಉದ್ಯೋಗ ದೊರೆತಿದೆ, ವಿಳಾಸ ಯಾರಿಗೂ ತಿಳಿದಿಲ್ಲ. ಈ ಎರಡೂ ಮನೆಗಳಲ್ಲಿ ಹಿರಿಯರು ತಮ್ಮವರ ಪರವಾಗಿಯೇ ವಾದಿಸುತ್ತಾರೆ. ಮಗುವಿನ ಪರವಾಗಿ ವಾದಿಸುವವರು ಮಾತ್ರ ಯಾರೂ ಇರುವುದಿಲ್ಲ.

ಇಂದು ನಾವು ಹೇಳಬಯಸುವುದು ಇಷ್ಟೇ. ತಾಯಿಗೆ ಉದ್ಯೋಗ ನಿಮಿತ್ತ ಊರು ಬದಲಿಸುವ ಹಕ್ಕಿದೆ, ತಂದೆಗೂ ಇದೆ. ಆದರೆ ಮಗುವನ್ನು ಕರೆದೊಯ್ಯುವ ವಿಚಾರವನ್ನು ಒಬ್ಬರೇ ಗುಟ್ಟಾಗಿ ತೀರ್ಮಾನಿಸಬಾರದು. ಮೊದಲು ಕೇಳಬೇಕು, ಆಮೇಲೆ ಹೊರಡಬೇಕು. ಶರೀಅತ್‌ನ ಆಶಯವೂ ಇದೇ, ನಮ್ಮ ದೇಶದ ಕಾನೂನಿನ ಆಶಯವೂ ಇದೇ.

ಮೊದಲು ಶರೀಅತ್‌ನ ದೃಷ್ಟಿಯಿಂದ ನೋಡೋಣ. ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 233ನೇ ಸೂಕ್ತವು ಮಗುವಿನ ಕಾರಣದಿಂದ ತಾಯಿಗಾಗಲಿ ತಂದೆಗಾಗಲಿ ತೊಂದರೆಯಾಗಬಾರದೆಂದು ನಿರ್ದೇಶಿಸುತ್ತದೆ. ಮೊಲೆ ಬಿಡಿಸುವಂತಹ ವಿಷಯದಲ್ಲೂ ಇಬ್ಬರೂ ಪರಸ್ಪರ ಸಮಾಲೋಚಿಸಿ ಒಪ್ಪಿಗೆಯಿಂದ ತೀರ್ಮಾನಿಸುವುದನ್ನು ಅದು ಕಲಿಸುತ್ತದೆ. ಹಾಲು ಬಿಡಿಸಲು ಸಮಾಲೋಚನೆ ಬೇಕೆಂದಾದರೆ ದೇಶ ಬಿಡಿಸಲು ಬೇಡವೇ?

ಮಗುವಿನ ಪಾಲನೆಯ ಹಕ್ಕನ್ನು ಫಿಕ್‌ಹ್ ಗ್ರಂಥಗಳು ‘ಹಿಝಾನತ್’ ಎನ್ನುತ್ತವೆ. ಹನಫೀ ಮದ್‌ಹಬ್‌ನ ಪ್ರಕಾರ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಪಾಲನೆಯಲ್ಲಿರುತ್ತದೆ. ಶಾಫಿಈ ಮದ್‌ಹಬ್‌ನಲ್ಲಿ ವಿವೇಚನೆಯ ವಯಸ್ಸಿಗೆ ಬಂದ ಮಗುವಿಗೆ ಇಬ್ಬರಲ್ಲೊಬ್ಬರನ್ನು ಆರಿಸಿಕೊಳ್ಳುವ ಅವಕಾಶವಿದೆ. ಈ ಅವಧಿಯಲ್ಲಿ ಸ್ಥಳಾಂತರವಾದರೆ ಏನೆಂಬ ಪ್ರಶ್ನೆಯನ್ನೂ ನಮ್ಮ ಪೂರ್ವಿಕ ವಿದ್ವಾಂಸರು ಶತಮಾನಗಳ ಹಿಂದೆಯೇ ಎತ್ತಿಕೊಂಡಿದ್ದರು. ಹನಫೀ ವಿದ್ವಾಂಸರ ಅಭಿಪ್ರಾಯದಂತೆ, ವಿಚ್ಛೇದಿತ ತಾಯಿಯು ತನ್ನ ತವರೂರಿನಲ್ಲಿಯೇ ನಿಕಾಹ್ ನಡೆದಿದ್ದರೆ ಮಗುವನ್ನು ಅಲ್ಲಿಗೆ ಕರೆದೊಯ್ಯಬಹುದು. ಬೇರೆ ಊರಾದರೆ, ತಂದೆ ಮಗುವನ್ನು ನೋಡಿ ಅದೇ ದಿನ ಮನೆಗೆ ಮರಳುವಷ್ಟು ಹತ್ತಿರವಿರಬೇಕು; ಅದಕ್ಕಿಂತ ದೂರಕ್ಕೆ ತಂದೆಯ ಒಪ್ಪಿಗೆಯಿಲ್ಲದೆ ಕರೆದೊಯ್ಯುವಂತಿಲ್ಲ. ಪಾಲನೆಯ ಅವಧಿಯಲ್ಲಿ ತಂದೆಯೂ ಮಗುವನ್ನು ತಾಯಿಯಿಂದ ಬೇರ್ಪಡಿಸಿ ಕರೆದೊಯ್ಯುವಂತಿಲ್ಲ. ಶಾಫಿಈ ವಿದ್ವಾಂಸರು ತಾತ್ಕಾಲಿಕ ಪ್ರಯಾಣ ಮತ್ತು ನೆಲೆಸುವ ಉದ್ದೇಶದ ಸ್ಥಳಾಂತರ ಇವೆರಡನ್ನೂ ಬೇರೆ ಬೇರೆಯಾಗಿ ಕಂಡರು. ನೆಲೆಸುವ ಪ್ರಶ್ನೆ ಬಂದಾಗ, ದಾರಿಯೂ ಸೇರುವ ಊರೂ ಸುರಕ್ಷಿತವಾಗಿದ್ದರೆ ಮಾತ್ರ ಎಂಬ ಷರತ್ತಿನೊಂದಿಗೆ, ತಂದೆಗೆ ಹೆಚ್ಚಿನ ಹಕ್ಕು ನೀಡಿದರು. ನಿಯಮಗಳಲ್ಲಿ ಭಿನ್ನತೆಯಿದೆ. ಆದರೆ ದೂರವೆಂಬುದು ಸಂಬಂಧವನ್ನೇ ಕಡಿದು ಹಾಕಬಲ್ಲದೆಂಬ ಎಚ್ಚರ ಎರಡರಲ್ಲೂ ಇದೆ.

ಇನ್ನು ದೇಶದ ಕಾನೂನಿಗೆ ಬರೋಣ. 1937ರ ಶರೀಅತ್ ಕಾಯ್ದೆಯು ಪೋಷಕತ್ವದ ವಿಷಯದಲ್ಲಿ ಮುಸ್ಲಿಮರಿಗೆ ವೈಯಕ್ತಿಕ ಕಾನೂನನ್ನು ಅನ್ವಯಿಸಿದೆ. ಆದರೆ ವಿವಾದ ನ್ಯಾಯಾಲಯದ ಮೆಟ್ಟಿಲೇರಿದಾಗ 1890ರ ಪೋಷಕರು ಮತ್ತು ಪೋಷಿತರ ಕಾಯ್ದೆಯೂ ಜೊತೆಗೆ ಬರುತ್ತದೆ. ಅದರ 17ನೇ ಕಲಮಿನಂತೆ ನ್ಯಾಯಾಲಯವು ಮಗುವಿಗೆ ಅನ್ವಯಿಸುವ ವೈಯಕ್ತಿಕ ಕಾನೂನನ್ನು ಗಮನದಲ್ಲಿಟ್ಟು, ಮಗುವಿನ ಹಿತ ಎಲ್ಲಿದೆಯೆಂದು ನೋಡಬೇಕು. ಮಗುವಿನ ವಯಸ್ಸು, ಲಿಂಗ, ಧರ್ಮ, ಪೋಷಕರ ಗುಣನಡತೆ ಹಾಗೂ ಸಾಮರ್ಥ್ಯ ಇವೆಲ್ಲವನ್ನೂ ಪರಿಗಣಿಸಬೇಕು. ಮಗು ಬುದ್ಧಿ ಬಲಿತಿದ್ದರೆ ಅದರ ಇಷ್ಟವನ್ನೂ ಕೇಳಬಹುದು. ಮದ್‌ಹಬ್‌ನ ವಯೋಮಿತಿಯನ್ನು ತೋರಿಸಿದ ಮಾತ್ರಕ್ಕೆ ಮೊಕದ್ದಮೆ ಗೆದ್ದಂತಾಗುವುದಿಲ್ಲ ಎಂಬುದನ್ನು ನಮ್ಮ ಸಹೋದರರು ಅರಿತಿರಬೇಕು. ಮಗುವಿನ ಹಿತವೇ ಅಂತಿಮ ಮಾನದಂಡವೆಂದು ನ್ಯಾಯಾಲಯಗಳು ಪುನಃ ಪುನಃ ಸಾರಿವೆ.

ಸ್ಥಳಾಂತರದ ವಿಷಯದಲ್ಲಿ ಈ ಕಾಯ್ದೆಯ ಎರಡು ಕಲಮುಗಳು ಮುಖ್ಯ. 9ನೇ ಕಲಮಿನಂತೆ ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಿದೆಯೋ ಆ ಊರಿನ ನ್ಯಾಯಾಲಯಕ್ಕೆ ಅಧಿಕಾರವಿದೆ. ಗುಟ್ಟಾಗಿ ಮಗುವನ್ನು ಒಯ್ದು, ಮರುದಿನವೇ ಅಲ್ಲಿನ ನ್ಯಾಯಾಲಯದಲ್ಲಿ ಅರ್ಜಿ ಹಾಕಿದರೆ ಲಾಭವಾಗುತ್ತದೆಂದು ಭಾವಿಸುವವರು ಇದನ್ನು ತಿಳಿದಿರಬೇಕು. 26ನೇ ಕಲಮಿನಂತೆ ನ್ಯಾಯಾಲಯ ನೇಮಿಸಿದ ಪೋಷಕರು ಅದರ ಅನುಮತಿಯಿಲ್ಲದೆ ಮಗುವನ್ನು ಅದರ ಅಧಿಕಾರ ವ್ಯಾಪ್ತಿಯಿಂದ ಹೊರಗೆ ಒಯ್ಯುವಂತಿಲ್ಲ. ನ್ಯಾಯಾಲಯದ ಅಧಿಕಾರವನ್ನು ತಪ್ಪಿಸುವುದಕ್ಕಾಗಿ ಹಾಗೆ ಒಯ್ದವರಿಗೆ 44ನೇ ಕಲಮಿನಲ್ಲಿ ದಂಡನೆಯೂ ಇದೆ. ನ್ಯಾಯಾಲಯದ ಆದೇಶವೇ ಇಲ್ಲದಿದ್ದಾಗ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದನ್ನು ನೇರವಾಗಿ ತಡೆಯುವ ನಿಯಮ ಈ ಕಾಯ್ದೆಯಲ್ಲಿಲ್ಲ. ಆದರೆ ಮರುಪಕ್ಷ ನ್ಯಾಯಾಲಯಕ್ಕೆ ಹೋದಾಗ ಹೇಳದೆ ಹೋದವರ ನಡತೆಯೂ ಅಲ್ಲಿ ವಿಚಾರಣೆಗೆ ಒಳಗಾಗುತ್ತದೆ.

ಕೇಳಿ ಹೋದವರಿಗೆ ಕಾನೂನು ಬಾಗಿಲು ಮುಚ್ಚಿಲ್ಲ ಎಂಬುದಕ್ಕೆ 2010ರ ಸುಪ್ರೀಂ ಕೋರ್ಟ್ ತೀರ್ಪೊಂದು ನಿದರ್ಶನ. ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದಿದ್ದ ದಂಪತಿಯಲ್ಲಿ ತಾಯಿಗೆ ಆಸ್ಟ್ರೇಲಿಯಾದಲ್ಲಿ ಉದ್ಯೋಗ ದೊರೆಯಿತು. ಮಗನನ್ನು ಕರೆದೊಯ್ಯಲು ಆಕೆ ನ್ಯಾಯಾಲಯದ ಅನುಮತಿ ಕೋರಿದರು. ತಂದೆ ವಿರೋಧಿಸಿದರು. ನ್ಯಾಯಮೂರ್ತಿಗಳು ತಮ್ಮ ಕೊಠಡಿಯಲ್ಲಿ ಬಾಲಕನೊಂದಿಗೆ ಮಾತನಾಡಿದರು. ಕೊನೆಗೆ ತಂದೆಯ ಭೇಟಿಯ ಹಕ್ಕನ್ನು ಉಳಿಸಿ ತಾಯಿಗೆ ಅನುಮತಿ ನೀಡಲಾಯಿತು. ಮಗುವಿನ ಪಾಲನೆಯ ಆದೇಶ ಕಲ್ಲಿನ ಮೇಲಿನ ಬರಹವಲ್ಲ, ಮಗುವಿನ ಅಗತ್ಯಗಳು ಬದಲಾದಂತೆ ಅದನ್ನೂ ಬದಲಾಯಿಸಬಹುದು ಎಂಬುದು ಆ ತೀರ್ಪಿನ ಸಾರ.

ಕೇಳದೆ ಬಂದವರ ಪ್ರಕರಣವೊಂದು ನಮ್ಮ ಬೆಂಗಳೂರಿಗೇ ಸಂಬಂಧಿಸಿದ್ದು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಬಾಲಕನನ್ನು ತಾಯಿ 2020ರಲ್ಲಿ ಭಾರತಕ್ಕೆ ಕರೆತಂದರು. ಬಾಲಕ ಇಲ್ಲೇ ಇರಬಯಸುತ್ತಾನೆ ಎಂಬುದಕ್ಕೆ ಹೈಕೋರ್ಟ್ ಮಹತ್ವ ನೀಡಿತ್ತು. ಆದರೆ 2022ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಾಲಕನನ್ನು ಅಮೆರಿಕಕ್ಕೆ ಮರಳಿಸಲು ಆದೇಶಿಸಿತು. ಮಗುವಿನ ಇಷ್ಟ ಬೇರೆ, ಮಗುವಿನ ಹಿತ ಬೇರೆ. ಇಷ್ಟವನ್ನು ಮಗುವನ್ನು ಕೇಳಿ ತಿಳಿಯಬಹುದು, ಹಿತವನ್ನು ನ್ಯಾಯಾಲಯವೇ ಎಲ್ಲ ಸಂಗತಿಗಳನ್ನು ತೂಗಿ ನಿರ್ಧರಿಸಬೇಕು ಎಂಬುದು ಅದರ ನಿಲುವು. ಮಗುವಿನ ಬಾಯಲ್ಲಿ ಮಾತು ತುರುಕಿ ನ್ಯಾಯಾಲಯಕ್ಕೆ ಕರೆದೊಯ್ಯುವವರು ಈ ತೀರ್ಪನ್ನು ನೆನಪಿನಲ್ಲಿಡಲಿ.

ಹಾಗೆಂದು ವಿದೇಶದ ನ್ಯಾಯಾಲಯದ ಆದೇಶವೊಂದೇ ಸಾಕೆಂದೂ ಭಾವಿಸಬೇಕಿಲ್ಲ. 2017ರಲ್ಲಿ ಇಂಗ್ಲೆಂಡಿನಿಂದ ತಾಯಿಯೊಂದಿಗೆ ಬಂದಿದ್ದ, ಹೃದಯದ ಕಾಯಿಲೆಯಿದ್ದ ಬಾಲಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂತಹ ಆದೇಶವೂ ಪರಿಗಣಿಸಬೇಕಾದ ಅಂಶಗಳಲ್ಲಿ ಒಂದು ಮಾತ್ರವೆಂದು ಹೇಳಿ, ಬಾಲಕಿಯನ್ನು ತಾಯಿಯ ಬಳಿಯೇ ಉಳಿಸಿತು. ಎರಡು ತೀರ್ಪುಗಳು ಎರಡು ದಿಕ್ಕಿಗೆ ಹೋದವಲ್ಲ ಎಂದು ಅಚ್ಚರಿಪಡಬೇಡಿ. ನ್ಯಾಯಾಲಯ ನೋಡಿದ್ದು ಎರಡು ಬೇರೆ ಬೇರೆ ಮಕ್ಕಳನ್ನು.

ಇಲ್ಲಿ ಸರಕಾರದ ಹೊಣೆಗಾರಿಕೆಯನ್ನೂ ಹೇಳದೆ ವಿಧಿಯಿಲ್ಲ. ಗಡಿಯಾಚೆ ಒಯ್ಯಲಾದ 16 ವರ್ಷಕ್ಕಿಂತ ಕೆಳಗಿನ ಮಕ್ಕಳನ್ನು ಅವರ ವಾಸದ ದೇಶಕ್ಕೆ ಬೇಗನೆ ಮರಳಿಸಲು 1980ರ ಹೇಗ್ ಒಪ್ಪಂದವಿದೆ. ಭಾರತ ಅದಕ್ಕೆ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರ ತನ್ನ 218ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. 2016ರಲ್ಲಿ ಕರಡು ಮಸೂದೆಯೂ ಸಿದ್ಧವಾಯಿತು. ಹಿಂಸೆಯಿಂದ ತಪ್ಪಿಸಿಕೊಂಡು ಮಗುವಿನೊಂದಿಗೆ ತವರಿಗೆ ಮರಳುವ ಮಹಿಳೆಯರ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಅದು ನ್ಯಾಯವಾದ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಹುಡುಕಿ, ದೇಶದ್ದೇ ಆದ ಸ್ಪಷ್ಟ ಕಾನೂನನ್ನು ಇನ್ನೂ ರೂಪಿಸದಿರುವುದು ಖೇದಕರ. ಮುಸ್ಲಿಮ್ ಮಹಿಳೆಯರ ಉದ್ಧಾರದ ಹೆಸರಿನಲ್ಲಿ 2019ರಲ್ಲಿ ತಲಾಕ್ ಕಾಯ್ದೆ ತರಲಾಯಿತು. ತಲಾಕ್ ಉಚ್ಚರಿಸಲ್ಪಟ್ಟ ಮಹಿಳೆಗೆ ಅಪ್ರಾಪ್ತ ಮಕ್ಕಳ ಪಾಲನೆಯ ಹಕ್ಕನ್ನು ಅದರ 6ನೇ ಕಲಮು ನೀಡುತ್ತದೆ. ಆದರೆ ಆಕೆ ಉದ್ಯೋಗಕ್ಕಾಗಿ ಊರು ಬದಲಿಸಬೇಕಾದಾಗ ಏನು ಮಾಡಬೇಕೆಂದು ಆ ಕಾಯ್ದೆ ಒಂದು ಮಾತನ್ನೂ ಹೇಳುವುದಿಲ್ಲ.

ನಮ್ಮ ಅನೇಕ ಕುಟುಂಬಗಳು ಗಲ್ಫ್‌ನಲ್ಲಿ ನೆಲೆಸಿವೆ. ಅಲ್ಲಿನ ನಿಯಮಗಳೂ ಬದಲಾಗಿವೆ. ಯುಎಇಯ 2005ರ ಕಾನೂನಿನಂತೆ ಗಂಡು ಮಗುವಿಗೆ 11, ಹೆಣ್ಣು ಮಗುವಿಗೆ 13 ವರ್ಷದವರೆಗೆ ಮಹಿಳೆಯ ಪಾಲನೆಯ ಅವಧಿಯಿತ್ತು. ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯಲು ಪೋಷಕನ ಲಿಖಿತ ಒಪ್ಪಿಗೆ ಬೇಕಿತ್ತು. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಹೊಸ ಕಾನೂನು ಪಾಲನೆಯ ವಯಸ್ಸನ್ನು ಇಬ್ಬರು ಮಕ್ಕಳಿಗೂ 18ಕ್ಕೆ ಏರಿಸಿತು. ವರ್ಷಕ್ಕೆ 60 ದಿನಗಳವರೆಗೆ ಮಗುವಿನೊಂದಿಗೆ ಪ್ರಯಾಣಿಸುವ ಸಮಾನ ಅವಕಾಶವನ್ನು ತಾಯಿ ತಂದೆ ಇಬ್ಬರಿಗೂ ನೀಡಿತು. ಆದರೆ ರಜೆಯ ಪ್ರಯಾಣ ಬೇರೆ, ನೆಲೆ ಬದಲಿಸುವುದು ಬೇರೆ. ರಜೆಯ ಟಿಕೆಟ್ ತೋರಿಸಿ ಮಗುವನ್ನು ಶಾಶ್ವತವಾಗಿ ಉಳಿಸಿಕೊಳ್ಳುವುದು ಎಲ್ಲಿಯೂ ಸರಿಯಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ತಲಾಕ್ ಅಥವಾ ಖುಲಾದ ಸಂದರ್ಭದಲ್ಲಿ ಜಮಾಅತ್‌ನಲ್ಲಿ ಬರೆಯುವ ಒಪ್ಪಂದಪತ್ರವನ್ನು ತೆರೆದು ನೋಡಿ. ಮಹ್ರ್, ಚಿನ್ನ, ಬಟ್ಟೆ ಬರೆಗಳ ಪಟ್ಟಿ ಅದರಲ್ಲಿರುತ್ತದೆ. ಮಗುವಿನ ಬಗ್ಗೆ ಒಂದು ಸಾಲು ಇದ್ದರೆ ಅದೇ ಹೆಚ್ಚು. ಮಗು ಯಾವ ಊರಿನಲ್ಲಿರಬೇಕು, ಊರು ಬದಲಿಸುವುದಾದರೆ ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕು, ರಜೆಯನ್ನು ಯಾರೊಂದಿಗೆ ಕಳೆಯಬೇಕು, ಪ್ರಯಾಣದ ಖರ್ಚನ್ನು ಯಾರು ಭರಿಸಬೇಕು, ಪಾಸ್‌ಪೋರ್ಟ್ ಯಾರ ಬಳಿ ಇರಬೇಕು, ಇವೆಲ್ಲವೂ ಅಲ್ಲಿ ದಾಖಲಾಗಬೇಕು.

ಎರಡನೆಯದಾಗಿ, ಆ ಪತ್ರಕ್ಕೆ ನ್ಯಾಯಾಲಯದ ಆದೇಶದ ಬಲವಿಲ್ಲವೆಂಬುದು ನೆನಪಿರಲಿ. ದಾರುಲ್ ಕಝಾದ ತೀರ್ಪುಗಳಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಹಿರಿಯರ ಸಮ್ಮುಖದಲ್ಲಿ ಆದ ಒಪ್ಪಂದವನ್ನು ಕೌಟುಂಬಿಕ ನ್ಯಾಯಾಲಯದ ಮುಂದಿಟ್ಟು ಆದೇಶ ಪಡೆಯುವುದೇ ಕ್ಷೇಮ. ಖರ್ಚಿನ ಭಯ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ.

ಮೂರನೆಯದಾಗಿ, ದೂರ ಹೋದ ಮಾತ್ರಕ್ಕೆ ಸಂಬಂಧ ಕಡಿಯಬಾರದು. ಮಗುವಿಗೆ ತಾಯಿ ತಂದೆ ಇಬ್ಬರ ಪ್ರೀತಿಯನ್ನೂ ಪಡೆಯುವ ಹಕ್ಕಿದೆ, ದೂರವಿರುವವರಿಗೆ ಫೋನ್ ಮತ್ತು ವಿಡಿಯೋ ಕರೆಯ ಮೂಲಕ ಮಾತನಾಡುವ ಅವಕಾಶವಿರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಕರೆ ಬಂದಾಗ ಫೋನನ್ನು ಅಡಗಿಸಿಡುವ ಅಜ್ಜಿ, ದೊಡ್ಡಪ್ಪಂದಿರು ಇದನ್ನು ಗಮನಿಸಲಿ.

ಕೊನೆಯದಾಗಿ, ಹಿಂಸೆಗೆ ಒಳಗಾದ ಸಹೋದರಿಯರಿಗೆ ಒಂದು ಮಾತು. ಒಪ್ಪಿಗೆ ಸಿಗುವವರೆಗೆ ಹೊಡೆತ ತಿನ್ನುತ್ತಾ ಕೂರಿ ಎಂದು ನಾವು ಹೇಳುತ್ತಿಲ್ಲ. ಮೊದಲು ಸುರಕ್ಷಿತ ಸ್ಥಳ ಸೇರಿಕೊಳ್ಳಿ. ತಡಮಾಡದೆ ನ್ಯಾಯಾಲಯಕ್ಕೆ ತಿಳಿಸಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 21ನೇ ಕಲಮಿನಂತೆ ಮಕ್ಕಳನ್ನು ತಾತ್ಕಾಲಿಕವಾಗಿ ನಿಮ್ಮ ಸುಪರ್ದಿಗೆ ನೀಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಅಡಗಿ ಕುಳಿತರೆ ನೀವೇ ತಪ್ಪಿತಸ್ಥರಂತೆ ಕಾಣುವಿರಿ. ಹೇಳಿಕೊಂಡರೆ ಕಾನೂನು ನಿಮ್ಮ ಮಾತನ್ನು ಆಲಿಸುತ್ತದೆ.

ಸಹೋದರರೇ, ಪ್ರವಾದಿಯವರ(ಸ) ಬಳಿಗೆ ತಾಯಿಯೊಬ್ಬರು ದೂರು ತಂದಾಗ ಅವರು ಆಕೆಯ ಮಾತನ್ನು ಪೂರ್ಣವಾಗಿ ಆಲಿಸಿ, ಮರುಮದುವೆಯಾಗುವ ತನಕ ಮಗುವಿನ ಮೇಲೆ ಆಕೆಗೇ ಹೆಚ್ಚು ಹಕ್ಕೆಂದು ತೀರ್ಪಿತ್ತರು. ಇನ್ನೊಂದು ಸಂದರ್ಭದಲ್ಲಿ ಬೆಳೆದ ಬಾಲಕನಿಗೇ ಆಯ್ಕೆಯ ಅವಕಾಶ ನೀಡಿದರು. ಎರಡೂ ಕಡೆ ತೀರ್ಪಿಗೆ ಮುನ್ನ ಆಲಿಸುವಿಕೆ ಇತ್ತು. ನಮ್ಮ ಮೊಹಲ್ಲಾಗಳಲ್ಲಿ ಇಲ್ಲವಾಗಿರುವುದು ಅದೇ. ಮುಂದಿನ ಬಾರಿ ನಿಮ್ಮ ಜಮಾಅತ್‌ನಲ್ಲಿ ದಂಪತಿಯೊಬ್ಬರು ಬೇರ್ಪಡುವ ಪತ್ರಕ್ಕೆ ಸಹಿ ಹಾಕಲು ಕುಳಿತಾಗ, ಚಿನ್ನದ ಲೆಕ್ಕ ಮುಗಿದ ಮೇಲೆ ಎದ್ದು ಹೋಗಬೇಡಿ. ನಾಳೆ ಊರು ಬದಲಾದರೆ ಈ ಮಗುವಿನ ಗತಿಯೇನೆಂದು ಕೇಳಿರಿ. ಉತ್ತರ ಬರೆದ ಬಳಿಕವೇ ಸಹಿ ಹಾಕಿಸಿರಿ.