ಕಲಾದಗಿಯ ಎರಡು ಸಮುದ್ರಗಳು



ಸಮುದ್ರ ಮತ್ತು ಹವಾಮಾನದ ವಿಚಾರ ಸಂಕಿರಣವನ್ನು ಕಾರವಾರದಲ್ಲೋ ಮಂಗಳೂರಿನಲ್ಲೋ ಇಟ್ಟುಕೊಳ್ಳದೆ ಕಲಾದಗಿಯಲ್ಲೇಕೆ ಎಂದು ಕೆಲವರು ಕೇಳಿದ್ದಾರೆ. ಸಮುದ್ರ ಈ ಊರಿಗೆ ಹೊಸದೇನಲ್ಲ. ಭೂವಿಜ್ಞಾನಿಗಳು ಕಲಾದಗಿಯ ಹೆಸರಿಟ್ಟಿರುವ ಶಿಲಾಸ್ತರಗಳಲ್ಲಿ ಸುಣ್ಣಕಲ್ಲಿನ ಬಹುಪಾಲು ನೂರು ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಕೂತು ಗಟ್ಟಿಯಾದದ್ದು. ಅದು ಹಳೆಯ ಕಥೆ, ಬಿಡಿ. ಇವತ್ತಿಗೂ ಪಶ್ಚಿಮಕ್ಕೆ ಸುಮಾರು 200 ಕಿ.ಮೀ. ದೂರದ ಅರಬ್ಬಿ ಸಮುದ್ರ, ಪೂರ್ವಕ್ಕೆ ಅದರ ಮೂರುಪಟ್ಟು ದೂರದ ಬಂಗಾಳ ಕೊಲ್ಲಿ, ಇವೆರಡನ್ನೂ ನೆಚ್ಚಿಯೇ ನಮ್ಮ ಹೊಲ, ತೋಟ ನಡೆಯುತ್ತಿವೆ. ನನ್ನ ವಾದ ಇಷ್ಟೇ: ಬಹುಮಟ್ಟಿಗೆ ಅರಬ್ಬಿ ಸಮುದ್ರ ನಮಗೆ ಹೊಳೆಯಾಗಿ ಬರುತ್ತದೆ, ಬಂಗಾಳ ಕೊಲ್ಲಿ ಮಳೆಯಾಗಿ ಬರುತ್ತದೆ. ಎರಡನ್ನೂ ‘ಮಾನ್ಸೂನ್’ ಎಂಬ ಒಂದೇ ಖಾತೆಗೆ ಬರೆದುಕೊಂಡದ್ದರಿಂದ ನಮ್ಮ ಲೆಕ್ಕ ತಪ್ಪುತ್ತಿದೆ.

ಜೂನ್‌ನಲ್ಲಿ ದಕ್ಷಿಣ ಗೋಳಾರ್ಧದಿಂದ ಹೊರಟ ಗಾಳಿ ಆಫ್ರಿಕಾದ ಪೂರ್ವ ಕರಾವಳಿಯ ಬಳಿ ಭೂಮಧ್ಯರೇಖೆ ದಾಟಿ ಬಲಕ್ಕೆ ತಿರುಗುತ್ತದೆ. ಅರಬ್ಬಿ ಸಮುದ್ರದ ತೇವ ಹೊತ್ತು ಬಂದು ಸಹ್ಯಾದ್ರಿಗೆ ಬಡಿದು, ಮೇಲೇರಿ, ತಣಿದು, ಅಂಬೋಲಿ, ಕಣಕುಂಬಿಗಳಲ್ಲಿ ಸುರಿಯುತ್ತದೆ. ಅದೇ ಗಾಳಿ ಘಟ್ಟ ಇಳಿಯುವಾಗ ಒತ್ತಿಕೊಂಡು ಬಿಸಿಯಾಗುತ್ತದೆ. ತೇವ ಉಳಿದಿದ್ದರೂ ಮಳೆಯಾಗುವಷ್ಟು ಮೋಡ ಬೆಳೆಯುವುದಿಲ್ಲ. ಜುಲೈ ತಿಂಗಳ ಕಲಾದಗಿಯಲ್ಲಿ ಮುಗಿಲು ಓಡುತ್ತಲೇ ಇರುತ್ತದೆ, ಗಾಳಿ ಬೀಸುತ್ತಲೇ ಇರುತ್ತದೆ, ನೆಲ ಮಾತ್ರ ತೊಯ್ಯುವುದಿಲ್ಲ. ನಮ್ಮ ಜಿಲ್ಲೆಗೆ ವರ್ಷವಿಡೀ ಬೀಳುವುದು 550ರಿಂದ 600 ಮಿ.ಮೀ. ಆಸುಪಾಸು, ಅಂಬೋಲಿಯಲ್ಲಿ ಅದರ ಹತ್ತುಪಟ್ಟಿಗೂ ಮಿಗಿಲು. ಆ ಸೀಮೆಯ ನೀರೇ ಘಟಪ್ರಭೆಯಾಗಿ ನಮ್ಮ ಪಕ್ಕದಲ್ಲಿ ಹರಿಯುತ್ತದೆ.

ನಮ್ಮ ಮಳೆ ಬರುವುದು ಹುಬ್ಬಿ, ಉತ್ತರಿಗೆ. ಸೆಪ್ಟೆಂಬರ್‌ ಹೊತ್ತಿಗೆ ಪಶ್ಚಿಮದ ಗಾಳಿ ಸೋಲುತ್ತದೆ. ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಆಂಧ್ರ, ತೆಲಂಗಾಣ ದಾಟಿ ಬರುತ್ತದೆ. ವರ್ಷದ ಅತಿ ಹೆಚ್ಚು ಮಳೆಯ ತಿಂಗಳು ನಮಗೆ ಇದೇ. ಎರೆ ಹೊಲ ಆಗ ಹಸಿ ಹಿಡಿದರೆ ಬಿಳಿಜೋಳ, ಕಡಲೆ, ಕುಸುಬಿ ಮುಂದೆ ಮಳೆಯಿಲ್ಲದೆಯೂ ಚಳಿಯಲ್ಲಿ ಬೆಳೆದು ನಿಲ್ಲುತ್ತವೆ.

2009 ಮತ್ತು 2019ನ್ನು ಅಕ್ಕಪಕ್ಕ ಇಟ್ಟು ನೋಡಿ. 2009 ಎಲ್‌ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರ ವಾಡಿಕೆಗಿಂತ ಬಿಸಿಯೇರಿದ ವರ್ಷ. ದೇಶದ ಮುಂಗಾರು ಶೇ. 22ರಷ್ಟು ಕೊರತೆ ಬಿದ್ದು ಬರಗಾಲ ಎನಿಸಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಕೊಲ್ಲಿಯ ಮಳೆ ಬಾದಾಮಿ, ಹುನಗುಂದ ಕಡೆ ಸುರಿದ ಪರಿಗೆ ಮಣ್ಣಿನ ಮಾಳಿಗೆ ಮನೆಗಳು ಕುಸಿದು, ಸಂತ್ರಸ್ತರಿಗಾಗಿ ‘ಆಸರೆ’ ಬಡಾವಣೆಗಳನ್ನು ಕಟ್ಟಬೇಕಾಯಿತು. 2019ರ ಆಗಸ್ಟ್‌ನಲ್ಲಿ ಆದದ್ದು ಬೇರೆ. ಮಳೆ ಹೊಡೆದದ್ದು ಘಟ್ಟದಲ್ಲಿ. ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳೊಳಗೆ ನುಗ್ಗಿತು, ಘಟಪ್ರಭೆ ದಂಡೆಯ ಊರುಗಳನ್ನು ಎಬ್ಬಿಸಿತು. ಒಂದು ಪ್ರವಾಹ ಮುಗಿಲಿನಿಂದ, ಇನ್ನೊಂದು ಅಣೆಕಟ್ಟಿನ ಕಡೆಯಿಂದ. ಎರಡಕ್ಕೂ ಒಂದೇ ಮುನ್ನೆಚ್ಚರಿಕೆ ಸಾಲದು.

ಸಮುದ್ರಕ್ಕೆ ಇಷ್ಟು ಬಲ ಎಲ್ಲಿಂದ? ಅದರ ಮೇಲಿನ ಸುಮಾರು ಮೂರು ಮೀಟರ್ ನೀರು ಇಡೀ ವಾಯುಮಂಡಲದಷ್ಟು ಶಾಖ ಹಿಡಿದಿಟ್ಟುಕೊಳ್ಳಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದಂತೆ, ನಮ್ಮ ಸುತ್ತಲಿನ ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ದೊಡ್ಡ ಮೋಡರಾಶಿ ಕಟ್ಟುವ ಸಾಧ್ಯತೆ ಒಮ್ಮೆಲೇ ಏರುತ್ತದೆ. ದಾಟಿದ ಮಾತ್ರಕ್ಕೆ ಮಳೆ ಖಾತ್ರಿ ಎಂದೇನಲ್ಲ. 1997ರಲ್ಲಿ ಪ್ರಬಲ ಎಲ್‌ನಿನೊ ಇದ್ದರೂ ದೇಶದ ಮುಂಗಾರು ವಾಡಿಕೆಯಷ್ಟೇ ಆಯಿತು, ಏಕೆಂದರೆ ಹಿಂದೂ ಮಹಾಸಾಗರ ಆ ವರ್ಷ ನಮ್ಮ ಪರವಾಗಿತ್ತು. ಟಿ.ವಿ.ಯಲ್ಲಿ ಎಲ್‌ನಿನೊ ಹೆಸರು ಕೇಳಿದೊಡನೆ ಎದೆ ಒಡೆದುಕೊಳ್ಳುವವರು ಇದನ್ನು ಗಮನಿಸಬೇಕು.

ಈ ಲೆಕ್ಕ ಗೊತ್ತಿಲ್ಲದ ಕಾಲವೂ ಇತ್ತು. ಕಲಾದಗಿ ಜಿಲ್ಲಾಕೇಂದ್ರವಾಗಿದ್ದಾಗಲೇ 1876ರ ಬರ ಬಿತ್ತು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಪೆಸಿಫಿಕ್‌ಗೂ ನಮ್ಮ ಮಳೆಗೂ ನಂಟಿದೆಯೆಂದು ಆಗ ಯಾರಿಗೂ ತಿಳಿಯದು. ಭಾರತೀಯ ಹವಾಮಾನ ಇಲಾಖೆ ಹುಟ್ಟಿ ಒಂದೇ ವರ್ಷವಾಗಿತ್ತು. ಮುಂದೆ ಅದರ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ಪೆಸಿಫಿಕ್‌ನ ವಾಯುಭಾರದ ಏರಿಳಿತಕ್ಕೆ ಹೆಸರಿಟ್ಟದ್ದು 1924ರಲ್ಲಿ, ಹವಾಮಾನ ವಿಜ್ಞಾನಿ ಬ್ಯರ್ಕ್‌ನೆಸ್ ಅದನ್ನು ಎಲ್‌ನಿನೊಗೆ ಜೋಡಿಸಿದ್ದು 1969ರಲ್ಲಿ. ಮಳೆ ತಪ್ಪಿಸಿದ್ದು ಸಮುದ್ರವೇ ಇರಬಹುದು. ಆದರೆ ದುಡಿಯುವ ಕೂಲಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ತೀರ್ಮಾನಿಸಿದ್ದು, ಬರದಲ್ಲೂ ಧಾನ್ಯದ ರಫ್ತು ನಿಲ್ಲಿಸದೇ ಇದ್ದದ್ದು ಬ್ರಿಟಿಷ್ ಸರಕಾರ. ಹವಾಮಾನದವರು ಈ ವ್ಯತ್ಯಾಸ ಮರೆಯಬಾರದು.

ದಾಳಿಂಬೆ ಬೆಳೆಗಾರರ ಕಡೆಗೆ ಬರುತ್ತೇನೆ. ಮೃಗ ಬಹಾರ್, ಹಸ್ತ ಬಹಾರ್ ಎಂದು ಮಳೆಯ ಹೆಸರಿನಲ್ಲೇ ದಾಳಿಂಬೆಯ ಹಂಗಾಮು ಗುರುತಿಸುವವರು ನೀವು. ಹಸ್ತಕ್ಕೆ ಹೂ ಬೇಕೆಂದರೆ ಮೊದಲು ನೀರು ನಿಲ್ಲಿಸಿ, ಗಿಡ ಬಾಡಿಸಿ, ಎಲೆ ಉದುರಿಸಬೇಕು. ಕೊಲ್ಲಿಯ ಮಳೆ ಬಿಡದೆ ಹಿಡಿದರೆ ಗಿಡ ಬಾಡುವುದಿಲ್ಲ, ಹೂವಿನ ಬದಲು ಚಿಗುರು ಬರುತ್ತದೆ. ಎಲೆಯ ಮೇಲೆ ತೇವ ನಿಂತಷ್ಟೂ ದುಂಡಾಣು ಅಂಗಮಾರಿ ಹಬ್ಬುತ್ತದೆ. ಜೋಳಕ್ಕೆ ಬೇಕಾದ ಮಳೆ ಬೇಲಿಯಾಚೆಯ ದಾಳಿಂಬೆಗೆ ಬೇಡ.

ಈಗ ಗೋಷ್ಠಿಗಳಿಗೆ ನನ್ನ ಬೇಡಿಕೆ. ಹವಾಮಾನ ಇಲಾಖೆಯ ಮುಂಗಾರು ಮುನ್ಸೂಚನೆ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಹಿಂಗಾರಿನ ಮುನ್ಸೂಚನೆ ದಕ್ಷಿಣದ ಐದು ಉಪವಿಭಾಗಗಳಿಗೆ. ಅದರಲ್ಲಿ ಕರ್ನಾಟಕದ ದಕ್ಷಿಣ ಒಳನಾಡು ಇದೆ, ಉತ್ತರ ಒಳನಾಡು ಇಲ್ಲ. ಉತ್ತರಿಯಿಂದ ಚಿತ್ತಿಯವರೆಗಿನ ನಮ್ಮ ಆರು ವಾರ ಎರಡರ ನಡುವೆ ಸೀಳಿಹೋಗಿದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕ ಈಗ ಗ್ರಾಮ ಪಂಚಾಯಿತಿಗೊಂದಿದೆ. ಆ ಅಂಕಿಗಳನ್ನು ಕೊಲ್ಲಿಯ ಉಷ್ಣಾಂಶದ ಪಕ್ಕದಲ್ಲಿಟ್ಟು, ಈ ಆರು ವಾರಕ್ಕೆ ಪ್ರತ್ಯೇಕ ಮುನ್ಸೂಚನೆ ಸಾಧ್ಯವೇ, ಎಷ್ಟು ದಿನ ಮೊದಲು ಕೊಡಬಹುದು ಎಂಬುದನ್ನು ಮೊದಲ ಗೋಷ್ಠಿಯೇ ಕೈಗೆತ್ತಿಕೊಳ್ಳಲಿ. ಬೆಳೆಗಾರರೂ ಊಟಕ್ಕೆ ಮುಂಚೆಯೇ ಮಾತಾಡಲಿ. ಮಧ್ಯಾಹ್ನದ ಮೇಲೆ ಅವರಿಗೆ ತೋಟದ ಕೆಲಸವಿದೆ.