ಚಿಕ್ಕ ಶಾಲೆಗೆ ಎಷ್ಟು ದೊಡ್ಡ ಗ್ರಂಥಾಲಯ?

(ಶತಮಾನೋತ್ಸವ ಸಮಿತಿಯ ಸದಸ್ಯರು, ಶಿಕ್ಷಕರು ಹಾಗೂ ಪಾಲಕರ ಸಂಯುಕ್ತ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ಶತಮಾನೋತ್ಸವದ ನೆನಪಿಗಾಗಿ ಪ್ರಾಥಮಿಕ ಶಾಲೆಗೆ ಒಂದು ಗ್ರಂಥಾಲಯವನ್ನು ಒದಗಿಸಬೇಕೆಂದು ಸಮಿತಿಯು ಒಮ್ಮತದಿಂದ ತೀರ್ಮಾನಿಸಿರುವುದು ಸಂತೋಷದ ವಿಷಯ. ಆ ಒಮ್ಮತವು ಅಲ್ಲಿಗೇ ನಿಂತಿತೆಂಬುದನ್ನೂ ತಾವು ಬಲ್ಲಿರಿ. ಶಾಲೆಯ ಮೇಲೊಂದು ಮಹಡಿಯನ್ನೆಬ್ಬಿಸಿ, 1,500 ಚದರಡಿಯ ವಿಶಾಲವಾದ ಗ್ರಂಥಾಲಯ ಭವನವನ್ನು ಕಟ್ಟಬೇಕೆಂಬುದು ಕೆಲವರ ಅಭಿಲಾಷೆ. ಮಕ್ಕಳ ಸಂಖ್ಯೆ ಇಳಿದದ್ದರಿಂದ ಖಾಲಿ ಬಿದ್ದಿರುವ ಪಡುಗಡೆಯ ತುದಿಯ ಕೋಣೆಯೇ ಸಾಕೆಂಬುದು ಶಿಕ್ಷಕರ ಅಭಿಪ್ರಾಯ. ನಾನು ಶಿಕ್ಷಕರ ಪಕ್ಷದವನು. ಏಕೆಂಬುದನ್ನು ಲೆಕ್ಕ ಹಾಕಿಯೇ ತಮ್ಮ ಮುಂದೆ ಇಡಬಯಸುತ್ತೇನೆ.

ಗ್ರಂಥಾಲಯದ ಅಳತೆಯನ್ನು ಕೂಡಿಬಂದ ದೇಣಿಗೆಯಿಂದ ತೆಗೆಯಲಾಗದು. ಒಂದೇ ವೇಳೆಗೆ ಒಳಗೆ ಕುಳಿತು ಓದುವ ಮಕ್ಕಳ ಸಂಖ್ಯೆಯಿಂದ ತೆಗೆಯಬೇಕು. ನಮ್ಮ ಶಾಲೆಯಲ್ಲಿ ಮಕ್ಕಳು ಸುಮಾರು 160. ಅತಿ ದೊಡ್ಡ ತರಗತಿಯಲ್ಲಿ 32. ಈ 32 ಮಂದಿ ಒಮ್ಮೆಗೆ ಕುಳಿತುಕೊಳ್ಳುವಂತಿದ್ದರೆ ನಮ್ಮ ಅಗತ್ಯ ಪೂರೈಸಿತು. ಮೇಜಿನ ಮುಂದೆ ಕುಳಿತು ಓದುವ ಒಬ್ಬನಿಗೆ, ಕುರ್ಚಿ ಹಿಂದಕ್ಕೆಳೆಯುವ ಹಾಗೂ ನಡೆದಾಡುವ ಜಾಗವೂ ಸೇರಿ, 25 ಚದರಡಿ ಬೇಕು. ಚಾಪೆಯ ಮೇಲಾದರೆ 10 ಚದರಡಿ ಸಾಕು. ಚಿಕ್ಕ ಮಕ್ಕಳು ಮೇಜಿಗಿಂತ ಚಾಪೆಯನ್ನೇ ಮೆಚ್ಚುತ್ತಾರೆ. ಹನ್ನೆರಡು ಮಂದಿ ಮೇಜಿಗೆ, ಇಪ್ಪತ್ತು ಮಂದಿ ಚಾಪೆಗೆ ಎಂದಿಟ್ಟುಕೊಂಡರೆ 500 ಚದರಡಿಯಾಯಿತು. ಕಪಾಟುಗಳಿಗೂ ಪುಸ್ತಕ ಕೊಡುವವರ ಮೇಜಿಗೂ ಇನ್ನು ನೂರು. ಖಾಲಿ ಕೋಣೆಯ ಅಗಲ 20 ಅಡಿ, ಉದ್ದ 30 ಅಡಿ. ಮಹಡಿಯ ಮಾತು ಇಲ್ಲಿಗೆ ಮುಗಿಯಬೇಕು. ಮೆಟ್ಟಿಲೇರಿ ಹೋಗಬೇಕಾದ ಕೋಣೆಗೆ ಒಂದನೆಯ ತರಗತಿಯ ಮಗು ತಾನಾಗಿ ಹೋಗುವುದಿಲ್ಲವೆಂಬುದು ಬೇರೆಯೇ ಮಾತು.

ಇನ್ನು ಪುಸ್ತಕಗಳ ಸಂಖ್ಯೆ. ಅಂತರರಾಷ್ಟ್ರೀಯ ಗ್ರಂಥಾಲಯ ಸಂಘಗಳ ಒಕ್ಕೂಟವೂ ಯುನೆಸ್ಕೊ ಸಂಸ್ಥೆಯೂ 2002ರಲ್ಲಿ ಹೊರತಂದ ಶಾಲಾ ಗ್ರಂಥಾಲಯ ಮಾರ್ಗಸೂಚಿಯಲ್ಲಿ ಪ್ರತಿ ವಿದ್ಯಾರ್ಥಿಗೆ ಹತ್ತು ಪುಸ್ತಕಗಳೆಂದೂ, ಎಷ್ಟೇ ಚಿಕ್ಕ ಶಾಲೆಯಾದರೂ 2,500ಕ್ಕೆ ಕಡಿಮೆಯಾಗಬಾರದೆಂದೂ ಹೇಳಿದೆ. ಹತ್ತರ ಲೆಕ್ಕವನ್ನು ನಾನು ಒಪ್ಪುತ್ತೇನೆ; ನಮಗೆ 1,600 ಆಯಿತು. 2,500 ಎಂಬುದು ನಮ್ಮ ಮಟ್ಟಿಗೆ ಅವಸರದ ಮಾತು. ಅಷ್ಟನ್ನು ಒಮ್ಮೆಗೇ ಕೊಳ್ಳಹೊರಟರೆ ವ್ಯಾಪಾರಿಯ ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದೆಲ್ಲವೂ ನಮ್ಮ ಶಾಲೆಗೆ ಬಂದು ಸೇರುತ್ತದೆ. ಮೊದಲ ವರ್ಷ 600 ಪುಸ್ತಕಗಳನ್ನು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಆರಿಸೋಣ. ಆಮೇಲೆ ವರ್ಷಕ್ಕೆ 200ರಂತೆ ಐದು ವರ್ಷ ಸೇರಿಸೋಣ. ಗ್ರಂಥಾಲಯವು ಬೆಳೆಯುವ ಜೀವಿಯೆಂಬುದು ಡಾಕ್ಟರ್ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಆ ಮಹನೀಯರು ತಮ್ಮ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ಕಪಾಟುಗಳ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಮಲೆನಾಡಿನ ಮಳೆಯ ಮುಂದೆ ಪೇಟೆಯವರ ನಕ್ಷೆ ನಡೆಯುವುದಿಲ್ಲ. ನಾಲ್ಕು ಅಡಿಗಿಂತ ಎತ್ತರದ ಕಪಾಟು ಬೇಡ. ಮಗುವಿನ ಕೈಗೆ ಎಟುಕದ ಪುಸ್ತಕ ಇದ್ದೂ ಇಲ್ಲದಂತೆ. ಮೂರು ಅಡಿ ಅಗಲ, ನಾಲ್ಕು ಅಂತಸ್ತು. ಅಡಿಗೆ ಹತ್ತು ಪುಸ್ತಕದಂತೆ ಸಡಿಲವಾಗಿ ಜೋಡಿಸಿದರೆ ಒಂದು ಕಪಾಟಿಗೆ 120. ಹದಿನಾಲ್ಕು ಕಪಾಟುಗಳಾದರೆ 1,600 ಪುಸ್ತಕಗಳಿಗೂ ಸ್ಥಳವಾಗುತ್ತದೆ. ಗೋಡೆಯ ಉದ್ದ 42 ಅಡಿ ಬೇಕು. ಜೂನ್ ತಿಂಗಳಿನಿಂದ ನೈಋತ್ಯದ ಮಳೆ ಪಡುವಣ ಗೋಡೆಗೆ ಬಡಿದು ಅದು ಸೆಪ್ಟೆಂಬರಿನವರೆಗೆ ಒದ್ದೆಯಾಗಿಯೇ ಇರುತ್ತದೆ. ಆ ಗೋಡೆಗೆ ಒಂದು ಪುಸ್ತಕವನ್ನೂ ಒರಗಿಸಬಾರದು, ಅಲ್ಲಿ ಮೇಜುಗಳಿರಲಿ. ಉಳಿದ ಮೂರು ಗೋಡೆಗಳಲ್ಲಿ, ಬಾಗಿಲು ಕಿಟಕಿಗಳನ್ನು ಕಳೆದರೂ, 42 ಅಡಿ ಸಿಗುತ್ತದೆ. ಅಲ್ಲಿಯೂ ಕಪಾಟು ಗೋಡೆಯಿಂದ ನಾಲ್ಕು ಅಂಗುಲ ದೂರ, ನೆಲದಿಂದ ಆರು ಅಂಗುಲ ಮೇಲಿರಬೇಕು. ಗಾಳಿಯಾಡಿದರೆ ಬೂಷ್ಟು ಹಿಡಿಯದು; ಗೆದ್ದಲು ಹತ್ತಿದರೆ ಕೂಡಲೆ ಕಣ್ಣಿಗೆ ಬೀಳುತ್ತದೆ. ಬೇಸಗೆಯಲ್ಲಿ ಒಂದು ದಿನ ಪುಸ್ತಕಗಳನ್ನೆಲ್ಲ ಜಗಲಿಗೆ ತಂದು ಬಿಡಿಸಿಟ್ಟು ಒರೆಸಬೇಕು. ಇದಕ್ಕೆ ಮಕ್ಕಳಿಗಿಂತ ಉತ್ತಮ ಕೆಲಸಗಾರರಿಲ್ಲ. ಮಳೆಗಾಲದಲ್ಲಿ ವಿದ್ಯುತ್ತು ನಮ್ಮಲ್ಲಿ ಅತಿಥಿಯಿದ್ದಂತೆ. ಆದಕಾರಣ ಬಡಗಣ ಗೋಡೆಯ ಎರಡು ಕಿಟಕಿಗಳನ್ನು ಅಗಲಿಸಬೇಕು. ಗಣಕಯಂತ್ರದ ಪ್ರಸ್ತಾಪವೂ ಬಂದಿದೆ. ಒಂದು ದಪ್ಪ ನೋಂದಣಿ ಪುಸ್ತಕದಲ್ಲಿ 1,600 ಹೆಸರುಗಳನ್ನು ಬರೆದಿಡಬಹುದು. ಅದು ಆಮೇಲೆ ಬರಲಿ.

ಈಗ ನಮ್ಮಲ್ಲಿ ಗ್ರಂಥಾಲಯವಿಲ್ಲವೆ? ಇದೆ. ಕಛೇರಿಯ ಕೋಣೆಯಲ್ಲಿ ಗಾಜಿನ ಬಾಗಿಲಿನ ಎರಡು ಬೀರುಗಳಿವೆ, ಅವುಗಳಿಗೆ ಬೀಗವೂ ಇದೆ. ಮಧ್ಯಯುಗದ ಯೂರೋಪಿನಲ್ಲಿ ನಮ್ಮ ಮಠಗಳೂ ಪ್ರಧಾನಾಲಯಗಳೂ ಪುಸ್ತಕಗಳನ್ನು ಸರಪಣಿಯಿಂದ ಕಟ್ಟಿಡುತ್ತಿದ್ದವು. ಇಂಗ್ಲೆಂಡಿನ ಹೆರಿಫರ್ಡ್ ಪ್ರಧಾನಾಲಯದಲ್ಲಿ ಆ ಸರಪಣಿಗಳನ್ನು ಇಂದಿಗೂ ಕಾಣಬಹುದು. ಕೈಬರಹದ ಗ್ರಂಥವೊಂದು ಹೊಲದಷ್ಟು ಬೆಲೆಬಾಳುತ್ತಿದ್ದ ಕಾಲದ ಎಚ್ಚರಿಕೆ ಅದು. ಐವತ್ತು ರೂಪಾಯಿಯ ಕಥೆಪುಸ್ತಕಕ್ಕೆ ನಾವೇಕೆ ಬೀಗ ಹಾಕುತ್ತೇವೆ? ಕಾರಣ ಶಿಕ್ಷಕರ ಜಿಪುಣತನವಲ್ಲ, ಭಯ. ಪುಸ್ತಕವೊಂದು ಕಾಣೆಯಾದರೆ ಲೆಕ್ಕ ತನಿಖೆಯ ದಿನ ಅದರ ಬೆಲೆಯನ್ನು ಹೊಣೆ ಹೊತ್ತವರು ತಮ್ಮ ಸಂಬಳದಿಂದ ತುಂಬಬೇಕಾದೀತೆಂಬ ಭಯ. ಈ ಭಯವಿರುವವರೆಗೆ ತಾವು ಅರಮನೆಯನ್ನೇ ಕಟ್ಟಿಕೊಟ್ಟರೂ ಬೀಗ ಬಿದ್ದೇ ಇರುತ್ತದೆ. ಆದಕಾರಣ ಆಡಳಿತ ಮಂಡಳಿಯು ಲಿಖಿತವಾಗಿ ಒಂದು ನಿರ್ಣಯ ಮಾಡಬೇಕೆಂದು ಕೇಳುತ್ತೇನೆ: ವರ್ಷಕ್ಕೆ ನೂರಕ್ಕೆ ಐದು ಪುಸ್ತಕಗಳು ಕಳೆದರೂ ಹರಿದರೂ ಯಾರನ್ನೂ ಪ್ರಶ್ನಿಸಕೂಡದು; ಅವನ್ನು ಸವೆತವೆಂದು ಪಟ್ಟಿಯಿಂದ ತೆಗೆದುಹಾಕತಕ್ಕದ್ದು. ನನಗೆ ಕೋಣೆಯ ಅಳತೆಗಿಂತ ಈ ನಿರ್ಣಯ ಹೆಚ್ಚಿನದು.

ಪುಸ್ತಕವು ಮನೆಗೆ ಹೋಗಲೇಬೇಕು. ಕಾಫಿ ತೋಟದ ಲೈನ್ ಮನೆಗಳಿಂದ ಬರುವ ಮಕ್ಕಳನ್ನು ನೆನೆದುಕೊಳ್ಳಿರಿ. ಅವರಲ್ಲಿ ಅನೇಕರ ಮನೆಯಲ್ಲಿ ಪಠ್ಯಪುಸ್ತಕದ ಹೊರತು ಅಚ್ಚಾದ ಹಾಳೆಯೆಂದರೆ ಗೋಡೆಯ ಮೇಲಿನ ಕ್ಯಾಲೆಂಡರು ಮಾತ್ರ. ಮನೆಮಾತು ತಮಿಳು, ತುಳು, ಕೊಂಕಣಿ. ಈಚೆಗೆ ಅಸ್ಸಾಮು, ಝಾರ್ಖಂಡಗಳಿಂದ ಬಂದವರ ಮಕ್ಕಳೂ ಸೇರಿದ್ದಾರೆ. ಕನ್ನಡವನ್ನು ಇವರು ಶಾಲೆಯಲ್ಲಿಯೇ ಕಲಿಯಬೇಕು. ಮೊದಲ 600ರಲ್ಲಿ ಅರ್ಧದಷ್ಟಾದರೂ ದೊಡ್ಡ ಅಕ್ಷರದ, ಚಿತ್ರಗಳಿರುವ ತೆಳು ಪುಸ್ತಕಗಳಿರಲೆಂದು ನಾನು ಹೇಳುವುದು ಇದಕ್ಕಾಗಿಯೇ. ಹಿರಿಯ ಮಕ್ಕಳಿಗೆ ಕಾರಂತರ ಬಾಲಪ್ರಪಂಚದಂತಹ ಗ್ರಂಥಗಳೂ ಬೇಕು, ಕುವೆಂಪು ಅವರ ಕಿಂದರಿಜೋಗಿಯಂತೂ ಎರಡು ಮೂರು ಪ್ರತಿ ಬೇಕು. ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪುಸ್ತಕಗಳನ್ನೂ ಮರೆಯಬಾರದು. ಮಗು ಅದನ್ನು ಅಜ್ಜಿಗೆ ಓದಿ ಹೇಳಲಿ. ಧಾರ್ಮಿಕ ಪುಸ್ತಕಗಳಿಗೆ ಒಂದು ಕಪಾಟು ಸಾಕು. ಇದು ಎಲ್ಲ ಮತಗಳ ಮಕ್ಕಳೂ ಬರುವ ಶಾಲೆ.

2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕೆಂದಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿತು. ಕಾಯಿದೆ ನಮ್ಮನ್ನು ಕೇಳದಿದ್ದರೂ ಆರನೆಯ ಶತಮಾನದ ಸಂತ ಬೆನೆಡಿಕ್ಟರು ಕೇಳುತ್ತಾರೆ. ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬ ಸನ್ಯಾಸಿಗೂ ಒಂದೊಂದು ಪುಸ್ತಕ ಕೊಡಬೇಕು, ಆತ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕೆಂಬುದು ಅವರ ಮಠದ ನಿಯಮ.

ಹಣದ ಹಂಚಿಕೆಯನ್ನು ಹೇಳಿ ಮುಗಿಸುತ್ತೇನೆ. ಕೂಡಿರುವ ನೂರು ರೂಪಾಯಿಯಲ್ಲಿ ನಲವತ್ತು ದುರಸ್ತಿಗೆ ಹಾಗೂ ಕಪಾಟಿಗೆ, ಇಪ್ಪತ್ತು ಮೊದಲ ಪುಸ್ತಕಗಳಿಗೆ. ಉಳಿದ ನಲವತ್ತನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು ಅದರ ಬಡ್ಡಿಯಿಂದ ವರ್ಷವರ್ಷದ ಪುಸ್ತಕಗಳನ್ನೂ, ಊಟದ ಬಿಡುವಿನಲ್ಲಿ ಮತ್ತು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಬಾಗಿಲು ತೆರೆದಿಡುವವರ ಗೌರವಧನವನ್ನೂ ನಡೆಸಬೇಕು. ನೂರು ವರ್ಷಗಳ ನೆನಪಿಗೆ ಒಂದು ಹಳೆಯ ಕೋಣೆಯೇ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಅವರ ನೋವು ನನಗೆ ಅರ್ಥವಾಗುತ್ತದೆ; ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಆಸೆ ಕೆಟ್ಟದ್ದಲ್ಲ. ದಾನಿಗಳ ಹೆಸರುಗಳನ್ನು ಪುಸ್ತಕಗಳ ಒಳಹೊದಿಕೆಗೆ ಅಂಟಿಸೋಣ. ಅಲ್ಲಿ ಓದುವವರು ಹೆಚ್ಚು.

ಮಹಡಿಯ ಪಕ್ಷದವರ ಮಾತುಗಳನ್ನೂ ಕೇಳಲು ನಾನು ಸಿದ್ಧನಿದ್ದೇನೆ. ಕೋಣೆಯ ನಕ್ಷೆ ಮುಖ್ಯೋಪಾಧ್ಯಾಯಿನಿಯವರ ಬಳಿ ಇದೆ. ಬರುವ ಭಾನುವಾರ ಎರಡನೆಯ ಪೂಜೆಯ ನಂತರ ತಾವೆಲ್ಲರೂ ಒಂದು ಅಳತೆಪಟ್ಟಿಯೊಂದಿಗೆ ಆ ಕೋಣೆಗೇ ಬರಬೇಕೆಂದು ವಿನಂತಿ.